ಈಳಿಗೆಮಣೆ ಮೇಲಿನ ಬೆಳಕು

1993ರಲ್ಲಿ ನಮ್ಮ ಕಾಲೇಜಿನ ಫೋಟೋಗ್ರಫಿ ಕ್ಲಬ್‌ಗೆ ಇದ್ದದ್ದು ಒಂದೇ ಕ್ಯಾಮೆರಾ. ಫಿಸಿಕ್ಸ್ ಲ್ಯಾಬಿನ ಪಕ್ಕದ ಸ್ಟೋರ್ ರೂಮೇ ಫೋಟೋ ತೊಳೆಯೋ ಡಾರ್ಕ್ ರೂಮ್. ತಿಂಗಳಿಗೆ ಒಂದು ರೋಲ್, 36 ಫೋಟೋ. ನಾವು ಆರು ಜನ. ತಲೆಗೆ ಆರೇ ಆರು.

ಜೋಗಕ್ಕೋ ಬೇಲೂರಿಗೋ ಹೋಗೋಣ ಅಂತ ನಮಗೆಲ್ಲ ಆಸೆ. ಮೇಷ್ಟ್ರು ಮಾತ್ರ, "ಮನೆಯಲ್ಲಿ ದಿನಾ ಬಳಸೋ ಒಂದು ಸಾಮಾನು ತನ್ನಿ" ಅಂದರು.

ನಾನು ಈಳಿಗೆಮಣೆ ಹೊತ್ತು ತಂದೆ. ಅದು ವಾಪಸ್ ಬರೋವರೆಗೂ ಅಮ್ಮ ಚಾಕುವಿನಲ್ಲೇ ತರಕಾರಿ ಹೆಚ್ಚಿದಳು. ಆರೂ ಫೋಟೋ ಫ್ಲಾಶ್ ಹಾಕಿ ತೆಗೆದೆ. ಪ್ರಿಂಟ್ ನೋಡಿದರೆ ಬರೀ ಬಿಳಿಚಿಕೊಂಡ ಹಲಗೆ.

ಮೇಷ್ಟ್ರು ಬೈಯಲಿಲ್ಲ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ ಕಥೆ ಹೇಳಿದರು. 1930ರಲ್ಲಿ ಅವರು ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ಫೋಟೋ ತೆಗೆದರಂತೆ. ಆಲಿಕೆಯ ಒಳಮೈಗೆ ತಾಗಿದ ಬೆಳಕು ಕಾಯಿಯ ಸುತ್ತ ಹರಡುತ್ತಿತ್ತು. ಆ ಚಿತ್ರದಲ್ಲಿ ಕಾಯಿಯ ಮಡಿಕೆಗಳು ಮನುಷ್ಯರ ಬೆನ್ನು, ಭುಜಗಳ ಹಾಗೆ ಕಾಣುತ್ತವೆ. ಸಾಂಬಾರಿಗೆ ಹಾಕೋ ಕಾಯಿ ಅಲ್ವಾ ಅದು!

"ಬೆಳಕು ಎದುರಿನಿಂದ ಬಂದರೆ ಉಬ್ಬು ತಗ್ಗು ಕಾಣಲ್ಲ ಕಣಯ್ಯ. ಪಕ್ಕದಿಂದ ಬರಲಿ" ಅಂದರು.

ಮುಂದಿನ ತಿಂಗಳು ಸಂಜೆ ನಾಲ್ಕಕ್ಕೆ ಲ್ಯಾಬಿನ ಕಿಟಕಿ ಪಕ್ಕ ಮಣೆ ಇಟ್ಟೆವು. ಇನ್ನೊಂದು ಬದಿಗೆ ಬಿಳಿ ಡ್ರಾಯಿಂಗ್ ಶೀಟ್, ನೆರಳು ತೀರಾ ಕಪ್ಪಾಗದಿರಲಿ ಅಂತ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಶಟರ್ ಅರ್ಧ ಸೆಕೆಂಡ್. "ಮೊದಲು ಸುಮ್ನೆ ನೋಡು" ಅಂತ ಹೇಳಿ ಮೇಷ್ಟ್ರು ಹೊರಗೆ ಹೋದರು. ನೋಡುತ್ತಾ ಕೂತೆ. ಈಳಿಗೆಯ ಅಂಚಿನಲ್ಲಿ ಎಳೆಯಷ್ಟು ಸಣ್ಣ ಬೆಳಕಿನ ಗೆರೆ. ಕಾಯಿ ತುರಿಯುವ ಒಂದೊಂದು ಹಲ್ಲಿನ ತುದಿಯಲ್ಲೂ ಒಂದೊಂದು ಚುಕ್ಕಿ. ಹಲಗೆಯ ಒಂದು ಕಡೆ ಮರ ನುಣ್ಣಗೆ ಸವೆದು ತಗ್ಗಾಗಿತ್ತು. ಆ ತಗ್ಗಿನಲ್ಲಿ ನೆರಳು ನೀರಿನ ಹಾಗೆ ನಿಂತಿತ್ತು. ಹುಟ್ಟಿದಾಗಿನಿಂದ ನೋಡಿದ ಮಣೆ. ಇದು ಇಷ್ಟು ಚೆಂದ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಡಾರ್ಕ್ ರೂಮಿನ ಕೆಂಪು ದೀಪದ ಕೆಳಗೆ ಟ್ರೇನಲ್ಲಿದ್ದ ಕಾಗದದ ಮೇಲೆ ಮೊದಲು ಮೂಡಿದ್ದೂ ಆ ತಗ್ಗೇ.

ಪ್ರಿಂಟ್ ಮನೆಗೆ ತಂದೆ. ಅಮ್ಮ ಕೈ ಒರೆಸಿಕೊಂಡು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ತಗ್ಗಿನ ಮೇಲೆ ಬೆರಳಿಟ್ಟು, "ಇದು ನಿಮ್ಮಜ್ಜಿ ಕಾಲಿಟ್ಟ ಜಾಗ" ಅಂದಳು. ಬೆರಳು ಸ್ವಲ್ಪ ಪಕ್ಕಕ್ಕೆ ಸರಿಯಿತು. "ನಂದು ಇಲ್ಲಿ."

ಅಲ್ಲೂ ಒಂದು ತಗ್ಗಿತ್ತು. ಹೆಚ್ಚು ಆಳ ಇಲ್ಲ, ಮಸುಕಾಗಿ ಬಂದಿತ್ತು. ಮುಂದಿನ ರೋಲಿನ ನನ್ನ ಆರು ಫೋಟೋನೂ ಈಳಿಗೆಮಣೆಗೇ ಅಂತ ಮಾರನೇ ದಿನವೇ ಮೇಷ್ಟ್ರಿಗೆ ಹೇಳಿದೆ.