ಅಂಗಳ ಅಡಿಕೆಯದ್ದು, ಗಾಡಿ ನನ್ನದು

ನೀರ್ಚಾಲು
2026 ಜನವರಿ 11, ಭಾನುವಾರ ರಾತ್ರಿ

ಉಗುರಿನ ಸಂದಿಯ ಕೆಂಪು ಹೋಗುತ್ತಲೇ ಇಲ್ಲ. ಮೊದಲು ಥಿನ್ನರ್, ಆಮೇಲೆ ತೆಂಗಿನೆಣ್ಣೆ, ಕೊನೆಗೆ ಪಾತ್ರೆ ತಿಕ್ಕುವ ಸೋಪು, ಎಲ್ಲ ಆಯಿತು. ಬಣ್ಣಕ್ಕೆ ಮೊದಲು ಬಳಿಯುವ ಈ ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣಕ್ಕಿಂತ ಗಟ್ಟಿಯಾಗಿ ಚರ್ಮಕ್ಕೇ ಹಿಡಿಯುತ್ತದೋ ಏನೋ. ಊಟಕ್ಕೆ ಕೂತಾಗ ಅಮ್ಮ ನನ್ನ ಕೈ ನೋಡಿ ಏನೂ ಹೇಳದೆ ಒಂದು ಚಮಚ ತಂದಿಟ್ಟರು. ಸಾರನ್ನ ಚಮಚದಲ್ಲಿ ಉಂಡೆ. ರುಚಿಯೇ ಗೊತ್ತಾಗಲಿಲ್ಲ.

ಪಿಕಪ್‌ನ ಟೆಸ್ಟ್ ಹತ್ತಿರ ಬಂತು. ಸರಕು ಗಾಡಿಗೆ ಎಂಟು ವರ್ಷ ದಾಟಿದರೆ ಪ್ರತಿ ವರ್ಷವೂ ಫಿಟ್‌ನೆಸ್ ಮಾಡಿಸಬೇಕಲ್ಲ. ಟೆಸ್ಟಿಗೆ ಮೊದಲು ಬಣ್ಣ ಹೊಡೆಸುವುದು ನಮ್ಮ ಕಡೆಯ ವಾಡಿಕೆ. ಅದಕ್ಕೆ ಒಂದು ಕ್ರಮವೂ ಉಂಟು. ತುಕ್ಕಿನ ಮೇಲೆ ಪುಟ್ಟಿ ಮೆತ್ತುವುದು, ಪುಟ್ಟಿಯ ಮೇಲೆ ಬಣ್ಣ ಹಾರಿಸುವುದು, ಟೆಸ್ಟ್ ಪಾಸ್ ಮಾಡಿಸುವುದು. ಆಟಿಯ ಮಳೆ ಶುರುವಾದಾಗ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ. ಉಗುರು ಹಾಕಿ ಎಬ್ಬಿಸಿದರೆ ಬಣ್ಣ ಚಕ್ಕೆಯಾಗಿ ಕೈಗೆ ಬರುತ್ತದೆ, ಒಳಗೆ ಕಂದು ಪುಡಿ. ಮುಂದಿನ ವರ್ಷ ಮತ್ತೆ ಪುಟ್ಟಿ. ಹೀಗೆ ದುಡ್ಡು ಕೊಟ್ಟು ತುಕ್ಕಿಗೆ ಅಂಗಿ ಹೊಲಿಸುವುದು ಸಾಕು ಅನ್ನಿಸಿಯೇ ಈ ಸಲ ನಾನೇ ಎಮ್ರಿ ಪೇಪರ್ ಹಿಡಿದದ್ದು.

ಉಜ್ಜುವುದಕ್ಕೆ ಮೊದಲು ಒಂದು ಬಟ್ಟೆಗೆ ಥಿನ್ನರ್ ಮುಟ್ಟಿಸಿ ಬಾಗಿಲಿನ ಮೂಲೆಯಲ್ಲಿ ತಿಕ್ಕಿ ನೋಡಿದೆ. ಬಟ್ಟೆಗೆ ಬಿಳಿ ಹತ್ತಿತು. ಕಂಪೆನಿಯಿಂದ ಬಂದ ಬಣ್ಣವಾದರೆ ಹಾಗೆ ಕರಗುವುದಿಲ್ಲ. ಅಂದರೆ ಇದು ಹಿಂದಿನ ಯಜಮಾನರು ಹೊಡೆಸಿದ ಎನಾಮಲ್. ಇಂಥದ್ದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿದ ಬಣ್ಣ ಬಿದ್ದರೆ ಅಡಿಯದ್ದು ಮುರುಟಿ ಸುಕ್ಕು ಸುಕ್ಕಾಗುತ್ತದೆ. ಹಾಗಾಗಿ ಎನಾಮಲ್ ಮೇಲೆ ಎನಾಮಲ್ಲೇ ಅಂತ ತೀರ್ಮಾನ ಮಾಡಿದೆ.

ಕಾಸರಗೋಡಿನ ಬಣ್ಣದಂಗಡಿಯಲ್ಲಿ ಮಾತ್ರ ಪಿ.ಯು. (ಪಾಲಿಯುರೆಥೇನ್) ಬಣ್ಣ ತಗೊಳ್ಳಿ ಅಂತ ಹಿಡಿದ ಹಟ ಬಿಡಲಿಲ್ಲ. ಹೊಳಪು ಜಾಸ್ತಿ, ಬಾಳಿಕೆ ಜಾಸ್ತಿ, ಎಲ್ಲ ಒಪ್ಪಿದೆ. ಆದರೆ ಪಿ.ಯು.ಗೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಗನ್ನಿನಿಂದ ಹಾರಿದ್ದು ಎದೆಯೊಳಗೆ ಹೋದರೆ ದಮ್ಮು ಹಿಡಿಯಬಹುದು. ಒಮ್ಮೆ ಮೈಗೆ ಆಗದೆ ಹೋಯಿತೆಂದರೆ ಆಮೇಲೆ ಚೂರು ತಾಗಿದರೂ ಸಾಕು. ಕೊರೊನಾ ಕಾಲದ ಮಾಸ್ಕ್ ಅದನ್ನು ತಡೆಯುವುದಿಲ್ಲ. ಬಣ್ಣ ಹೊಡೆಯುವ ದೊಡ್ಡ ಬೂತುಗಳಲ್ಲಿ ಹೊರಗಿನ ಒಳ್ಳೆ ಗಾಳಿಯನ್ನು ಪೈಪಿನಲ್ಲಿ ಮುಖಕ್ಕೆ ಬಿಟ್ಟುಕೊಂಡು ಕೆಲಸ ಮಾಡುತ್ತಾರೆ. ಇಲ್ಲಿ ಜಗಲಿಯಲ್ಲಿ ಅಮ್ಮ ಹಳೆ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ, ಅಂಗಳದಲ್ಲಿ ಮಗಳು ಸೈಕಲ್ ಬಿಡುತ್ತಿರುತ್ತಾಳೆ. ಹೊಳಪು ಯಾರಿಗೆ ಬೇಕು? ಅಡಿಕೆ ಗೋಣಿ, ಗೊಬ್ಬರ, ಹಸುವಿನ ಹಿಂಡಿ ಹೊರುವ ಗಾಡಿ. ಒಂದು ವಾರದಲ್ಲಿ ಗೀರು ಬೀಳುವುದೇ. ಎನಾಮಲ್ ಆದರೆ ಗೀರು ಬಿದ್ದಲ್ಲಿ ಬ್ರಶ್ಶಿನಲ್ಲೇ ಮುಟ್ಟಿಸಬಹುದು. ಅದರ ಥಿನ್ನರ್ ವಾಸನೆಗೆ ಬೇಕಾದ, ಎರಡು ಬದಿ ಡಬ್ಬಿ ಇರುವ ಮಾಸ್ಕ್ ತಂದಿದ್ದೇನೆ. ಅದನ್ನು ಹಾಕಿಕೊಂಡರೆ ನಾಯಿಗೆ ನನ್ನ ಗುರುತು ಸಿಗುವುದಿಲ್ಲ.

ಇನ್ನು ಅಂಗಳದ ಜಗಳ. ಬಣ್ಣಕ್ಕೆ ಒಣ ಹವೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಟವೆಲ್ಲೇ ಒಣಗುವುದಿಲ್ಲ, ಬಣ್ಣ ಒಣಗುತ್ತದಾ? ಸಿಗುವುದು ಡಿಸೆಂಬರ್, ಜನವರಿ, ಫೆಬ್ರವರಿ. ಅದೇ ತಿಂಗಳುಗಳಲ್ಲಿ ಅಡಿಕೆ ಕೊಯ್ಲು. ಹಣ್ಣಡಿಕೆ ಒಣಗಿ ಚಾಲಿ ಎಂಬ ಒಣ ಅಡಿಕೆಯಾಗಲು 40-45 ದಿನದ ಬಿಸಿಲು ಬೇಕು. ಹಾಗಾಗಿ ವರ್ಷದಲ್ಲಿ ಬಣ್ಣ ಹೊಡೆಯಬಹುದಾದ ಎಲ್ಲ ದಿನಗಳಲ್ಲೂ ಅಂಗಳದ ಒಡೆತನ ಅಡಿಕೆಗೆ. ಬೆಳಿಗ್ಗೆ ಅಮ್ಮ ಧನು ಪೂಜೆ ಮುಗಿಸಿ ಬರುವಾಗ ನಾನು ಪಿಕಪ್ಪನ್ನು ಅಂಗಳದ ಬಡಗು ಮೂಲೆಗೆ ತಂದು ನಿಲ್ಲಿಸಿದ್ದೆ.

"ಎಷ್ಟು ದಿನ ಇದು?"

"ಒಂದು ವಾರ ಅಮ್ಮ."

"ಬಣ್ಣ ಹಾರಿದ ಅಡಿಕೆಗೆ ಅಂಗಡಿಯವ ಹಾಳು ಅಡಿಕೆ ಅಂತ ಕರಿಗೋಟಿನ ಕ್ರಯ ಹಾಕ್ತಾನೆ. ಗೊತ್ತುಂಟಲ್ಲ?"

"ನಡುವೆ ಟಾರ್ಪಾಲ್ ಕಟ್ತೇನೆ."

"ಟಾರ್ಪಾಲಿನ ನೆರಳು ಅಡಿಕೆಗೆ ಬಿದ್ದರೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಅವರೇ ಗೋರೆ ತಂದು ಎರಡು ಗೆರೆ ಅಡಿಕೆ ಈಚೆಗೆ ಎಳೆದು ಜಾಗ ಮಾಡಿದರು. ಆದರೆ ಮಾಸ್ಕಿಂಗಿಗೆ (ಬಣ್ಣ ಬೀಳಬಾರದ ಜಾಗ ಮುಚ್ಚಲು) ತೆಗೆದಿಟ್ಟ ಹಳೆ ಪೇಪರ್ ಕಟ್ಟಿನಿಂದ ಭಾನುವಾರದ ಪುರವಣಿಗಳನ್ನೆಲ್ಲ ಹೆಕ್ಕಿ ಒಳಗೆ ಕೊಂಡುಹೋದರು. ಓದಲು ಬಾಕಿ ಉಂಟಂತೆ. 2019ರದ್ದು! (ಗಾಜಿಗೆ ಪೇಪರ್ ಅಂಟಿಸುವವರು ಎರಡು ಪದರ ಹಾಕಿ. ಥಿನ್ನರ್ ತಾಗಿದರೆ ಒಂದೇ ಪದರದ ಪೇಪರಿನ ಶಾಯಿ ಕೆಳಗಿನ ಬಣ್ಣಕ್ಕೆ ಇಳಿಯುತ್ತದೆ.)

ಇಷ್ಟೆಲ್ಲ ಬರೆಯಲು ಕೂತದ್ದು ಇದಕ್ಕಲ್ಲ. ಮಧ್ಯಾಹ್ನ ಕೆಳಗಿನಮನೆ ಅಣ್ಣ ಬಂದಿದ್ದರು.

ಬಾಗಿಲುಗಳಿಗೆ ರೆಡ್ ಆಕ್ಸೈಡ್ ಹೊಡೆದು ಮುಗಿದಿತ್ತು. ಕೊಟ್ಟಿಗೆಯ ಗೋಡೆಗೆ ಹಳೆ ಶೀಟು ಒರಗಿಸಿ, ನೀರಿನ ಹಾಗೆ ತೆಳು ಮಾಡಿದ ಬಣ್ಣದಲ್ಲಿ ಗನ್ನಿನ ಅಭ್ಯಾಸ ಮಾಡುತ್ತಿದ್ದೆ. ಗೇಣಿಗಿಂತ ಚೂರು ಕಡಿಮೆ ದೂರ, ಕೈ ಈ ಕೊನೆಯಿಂದ ಆ ಕೊನೆಗೆ ಅದೇ ದೂರದಲ್ಲಿ, ಹಿಂದಿನ ಗೆರೆಯ ಅರ್ಧದ ಮೇಲೆ ಮುಂದಿನ ಗೆರೆ. ಹತ್ತಿರ ಹೋದರೆ ಬಣ್ಣ ಸೋರುತ್ತದೆ. ದೂರ ಹೋದರೆ ಗಾಳಿಯಲ್ಲೇ ಒಣಗಿ ಮರಳು ಉದುರಿದ ಹಾಗೆ ಕೂರುತ್ತದೆ.

"ಎಂತ ಮಾರಾಯ, ಶೀಟಿಗೂ ಕೊಳೆರೋಗವಾ?"

ಊರಿನ ಅರ್ಧ ತೋಟಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರು ಅವರೇ. ಮರದ ತಲೆಯಲ್ಲಿ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗೊನೆಯ ಸುತ್ತ ಮದ್ದು ತಾಗಿಸುವವರ ಮುಂದೆ ನೆಲದ ಮೇಲೆ ನಿಂತು ಶೀಟಿಗೆ ಹೊಡೆಯುವುದು ಎಂಥ ವಿದ್ಯೆ? ಸ್ವಲ್ಪ ಹೊತ್ತು ನೋಡಿದರು. "ಬೆಳಿಗ್ಗೆ ಮಾಡು. ಮಂಜು ಆರಿದ ಮೇಲೆ, ಪಡುಗಾಳಿ ಏಳುವ ಮೊದಲು. ಒಂಬತ್ತರಿಂದ ಹನ್ನೊಂದು, ಅಷ್ಟೇ ನಿನಗೆ ಸಿಗುವುದು" ಎಂದರು. ತೇವ ಇರುವ ತಗಡಿಗೆ ಬಣ್ಣ ಹಿಡಿಯುವುದಿಲ್ಲ ಅಂತ ನಾನು ಹತ್ತು ಕಡೆ ಓದಿದ್ದೆ. ಗಂಟೆ ಹೇಳಿದವರು ಇವರೊಬ್ಬರೇ.

ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಾಗಿಲು ತಟ್ಟಿದರು. ಹಿಂದಿನ ಬಾಡಿಯ ಹತ್ತಿರ ಬಂದವರು ಮುಂಡು ಮೇಲೆ ಕಟ್ಟಿ, ಅಂಗಾತ ಮಲಗಿ ಅಡಿಗೆ ಜಾರಿದರು. ಕಾಲು ಮಾತ್ರ ಹೊರಗೆ.

"ಬಾ ಇಲ್ಲಿ."

ನಾನೂ ಜಾರಿದೆ. ಕ್ಯಾಬಿನ್ನಿನ ಹಿಂದಿನ ಎಡ ಮೂಲೆ. ತಗಡಿನಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕು ಕಾಣುತ್ತಿತ್ತು. ಒಂದೆರಡಲ್ಲ, ಒಂದು ಅಂಗೈಯಷ್ಟು ಜಾಗದ ತುಂಬ. ಅವರು ಹೆಬ್ಬೆರಳು ಒತ್ತಿದರು. ತಗಡು ಹಪ್ಪಳದಂತೆ ಪುಡಿಯಾಗಿ ನಮ್ಮಿಬ್ಬರ ಮುಖಕ್ಕೂ ಬಿತ್ತು. ಸಾಸಿವೆಯಷ್ಟಿದ್ದ ತೂತು ಅಡಿಕೆ ಹೋಗುವಷ್ಟಾಯಿತು.

"ಇದು ಮಳೆಯ ತುಕ್ಕಲ್ಲ. ಮೈಲುತುತ್ತಿನದ್ದು."

ಹೇಳಿದ ಕೂಡಲೇ ಗೊತ್ತಾಯಿತು. ಆ ಮೂಲೆಯಲ್ಲೇ ಡ್ರಮ್ಮು ಇಡುವುದು. 100 ಲೀಟರ್ ಮದ್ದಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಬೆರೆಸಿದ ಮದ್ದನ್ನು ಅವತ್ತೇ ಮುಗಿಸಬೇಕು. ಹಾಗಾಗಿ ಮನೆಯಲ್ಲಿ ಬೆರೆಸದೆ ತುತ್ತಿನ ನೀರು ಬೇರೆ, ಸುಣ್ಣದ ನೀರು ಬೇರೆ ಕೊಂಡುಹೋಗಿ ಕೆಳಗಿನ ತೋಟದಲ್ಲಿ ಬೆರೆಸುವುದು. ತೋಟದ ದಾರಿಯೋ ಕುಲುಕಾಟದ್ದು. ತೋಡು ದಾಟುವಾಗ ಡ್ರಮ್ಮು ತುಳುಕದಿದ್ದರೆ ಆಶ್ಚರ್ಯ. ಸುಣ್ಣ ಸೇರದ ತುತ್ತಿನ ನೀರು ಕಬ್ಬಿಣದ ಮೇಲೆ ಬಿದ್ದರೆ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಬಂದು ಕಬ್ಬಿಣದ ಮೇಲೆ ಕೂರುತ್ತದೆ. ಮದ್ದು ಹದಕ್ಕೆ ಬಂದಿದೆಯಾ ಅಂತ ಚೂರಿ ಅದ್ದಿ ನೋಡುವುದು ಇದೇ ಕಾರಣಕ್ಕೆ ಅಲ್ವಾ? ಚೂರಿ ಕೆಂಪಾದರೆ ಸುಣ್ಣ ಸಾಲದು. ಚಿಕ್ಕಂದಿನಿಂದ ಆ ಚೂರಿ ನೋಡಿದ್ದೇನೆ. ಡ್ರಮ್ಮಿನ ಅಡಿಯ ತಗಡಿಗೂ ಅದೇ ಆಗುತ್ತಿದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿಲ್ಲ. ಮದ್ದಿಗೆ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು ಅಂತ ಕಟ್ಟುನಿಟ್ಟು. ಆ ಡ್ರಮ್ಮನ್ನು ಇಡುವುದು ಕಬ್ಬಿಣದ ಮೇಲೆ.

ಹೊರಗೆ ಬಂದು ಮುಖ ಒರೆಸಿಕೊಂಡೆವು.

"ಒಂದು ತುಂಡು ತಗಡು ಇಟ್ಟು ರಿವೆಟ್ ಹೊಡಿ. ಮೇಲೆ ಡಾಂಬರು ಬಳಿ. ಆಫೀಸರು ಏನು ಅಡಿಗೆ ಮಲಗ್ತಾರಾ?"

"ಡಾಂಬರಿನ ಅಡಿಯಲ್ಲಿ ತುಕ್ಕು ಹೋಗ್ತಾ ಇರ್ತದಲ್ಲ ಅಣ್ಣ. ಆ ಜಾಗ ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿಸುವುದು ಒಳ್ಳೆಯದು."

"ನೀನು ಬಣ್ಣಕ್ಕೆ ಹೊರಟದ್ದಾ, ಆಪರೇಶನ್‌ಗಾ?"

ನಾನು ನಕ್ಕೆ. ಅವರು ನಗಲಿಲ್ಲ. ಬೀಡಿ ಹಚ್ಚಲು ಹೊರಟವರನ್ನು ಥಿನ್ನರ್ ಡಬ್ಬ ತೋರಿಸಿ ತಡೆದೆ. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: "ನಿನಗೆ ಗಾಡಿಯಲ್ಲಿ ಅಡಿಕೆ ಸಾಗಿಸಬೇಕಾ, ಗಾಡಿಯನ್ನು ನೋಡ್ತಾ ಕೂರಬೇಕಾ? ಅದನ್ನು ಮೊದಲು ಹೇಳು."

ಹೋಗುವಾಗ ಅರ್ಧ ಸವೆದ 220 ನಂಬರಿನ ಎಮ್ರಿ ಪೇಪರ್ ಒಂದನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಕತ್ತಿಯ ಹಿಡಿ ನಯ ಮಾಡಲಿಕ್ಕಂತೆ.

ಅವರ ಮಾತು ಬೇಜಾರಾಯಿತು ಅಂತಲ್ಲ. ಆದರೆ ತಲೆಯಿಂದ ಹೋಗುತ್ತಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಬಾಗಿಲಿಗೆ 80ರ ಪೇಪರ್, 180, 320 ಅಂತ ಉಜ್ಜುತ್ತಾ, ಕಣ್ಣು ಮುಚ್ಚಿ ಅಂಗೈಯಾಡಿಸುತ್ತಾ, ಎಲ್ಲಿ ಗುಳಿ ಎಲ್ಲಿ ಉಬ್ಬು ಅಂತ ಹುಡುಕುತ್ತಾ ಹೊತ್ತು ಹೋದದ್ದೇ ಗೊತ್ತಾಗಿಲ್ಲ. ಪುಟ್ಟಿಯನ್ನು ನೀರು ಹಾಕಿ ಉಜ್ಜಬಾರದು, ಅದು ನೀರು ಹೀರಿ ಒಳಗಿನ ಕಬ್ಬಿಣಕ್ಕೆ ಕೊಡುತ್ತದೆ ಅಂತ ಒಣ ಪೇಪರಿನಲ್ಲೇ ಉಜ್ಜಿ ಧೂಳು ಕುಡಿದೆ. ಇದೆಲ್ಲ ಟೆಸ್ಟಿಗೆ ಬೇಕಾ? ಬೇಡ. ಅಡಿಕೆಗೆ ಬೇಕಾ? ಬೇಡವೇ ಬೇಡ. ಆದರೂ ಆ ಬಾಗಿಲು ಕೈಗೆ ನಯ ಸಿಕ್ಕಿದಾಗ ಒಂದು ಖುಷಿ ಉಂಟಲ್ಲ, ಅದನ್ನು ಅವರ ಮುಂದೆ ಹೇಳಲು ನಾಚಿಕೆಯಾಯಿತು. ತನ್ನ ಕತ್ತಿಯ ಹಿಡಿ ನಯ ಮಾಡಲು ಪೇಪರ್ ಕೊಂಡುಹೋದವರ ಮುಂದೆ ನಾಚಿಕೆ ಯಾಕೆ ಅಂತ ಈಗ ಅನ್ನಿಸುತ್ತದೆ!

ಸಂಜೆ ಮಗಳದ್ದು ಬೇರೆ ರಾಗ. ಗಾಡಿಗೆ ನೀಲಿ ಬೇಕು, ಕುಂಬಳೆ ಜಾತ್ರೆಯ ಬೆಡಿಗೆ (ಸಿಡಿಮದ್ದು ನೋಡಲು) ನೀಲಿ ಗಾಡಿಯಲ್ಲೇ ಹೋಗಬೇಕು. ಆರ್‌ಸಿಯಲ್ಲಿ ಬಿಳಿ ಅಂತ ಇದೆ ಮಗಾ, ಬಣ್ಣ ಬದಲಾದರೆ ಆರ್‌ಟಿಒ ಆಫೀಸಿನಲ್ಲಿ ಅದನ್ನೂ ಬದಲಿಸಬೇಕು ಅಂದೆ. "ಬಿಳಿ ಬಣ್ಣವೇ ಅಲ್ಲ" ಎಂದು ಎದ್ದು ಹೋದಳು. ಮಂಗಳೂರಿನಿಂದ ಭಾವ ಫೋನ್ ಮಾಡಿ, ಮಿಲಿಟರಿ ಹಸಿರು ಹೊಡಿ, ಗತ್ತು ಬರ್ತದೆ ಎಂದ. ಆ ಹಸಿರು ಸೇನೆಯ ಗಾಡಿಗಳಿಗೆ ಮಾತ್ರ, ಬೇರೆಯವರು ಹೊಡೆಯಬಾರದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಉಂಟು. ಹೇಳಿದರೆ ಅವನು ನಂಬಲಿಲ್ಲ. ಈ ಕೆಲಸಕ್ಕೆ ಇಳಿದ ಮೇಲೆ ಎಲ್ಲರೂ ಸಲಹೆ ಕೊಡುವವರೇ, ಪೇಪರ್ ಹಿಡಿಯುವವರು ಯಾರೂ ಇಲ್ಲ.

ಬದಿಯಲ್ಲಿ ಬರೆದಿದ್ದ ತೂಕದ ಅಂಕೆಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟಿದ್ದೇನೆ. ಬಣ್ಣ ಒಣಗಿದ ಮೇಲೆ ಅದನ್ನು ಹಾಗೆಯೇ ಬರೆಸಬೇಕು. ರಿಫ್ಲೆಕ್ಟರ್ ಟೇಪ್ ಹೊಸತೇ ಬೇಕು: ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು.

ವೆಲ್ಡಿಂಗಿನವನಿಗೆ ಫೋನ್ ಮಾಡಿದೆ. ಸಂಕ್ರಮಣ ಕಳೆದು ಬರುತ್ತಾನಂತೆ. ಅಷ್ಟು ದಿನ ರೆಡ್ ಆಕ್ಸೈಡನ್ನು ಹಾಗೇ ಬಿಡುವಂತಿಲ್ಲ, ಮೇಲೆ ಬಣ್ಣ ಬೀಳದಿದ್ದರೆ ಅದೂ ತೇವ ಹೀರುತ್ತದೆ. ಹಾಗಂತ ಬಣ್ಣ ಮೊದಲು ಹೊಡೆದರೆ ವೆಲ್ಡಿಂಗಿನ ಕಿಡಿ ಹಾರಿ ಹೊಸ ಬಣ್ಣ ಸುಡುತ್ತದೆ. ಬಾಗಿಲು ಕಳಚಿ ಬೇರೆಯೇ ಹೊಡೆಯಬಹುದಾ? ಕೀಲಿನ ಬೋಲ್ಟು ಬಿಚ್ಚಲು ಬರುತ್ತದಾ, ಅದೂ ತುಕ್ಕು ಹಿಡಿದು ಕೂತಿದೆಯಾ, ಬೆಳಿಗ್ಗೆ ನೋಡಬೇಕು. ಅವನು ಬರುವ ದಿನ ಬ್ಯಾಟರಿ ವೈರ್ ಕಳಚಬೇಕು. ಡೀಸೆಲ್ ಟ್ಯಾಂಕ್ ಆ ಮೂಲೆಯಿಂದ ಎಷ್ಟು ದೂರ ಅಂತ ಅಳೆಯಬೇಕು. ಗಾಡಿಯನ್ನು ಅಂಗಳದಿಂದ ಹೊರಗೆ ತರಬೇಕು, ಅಂದರೆ ಅಡಿಕೆಯ ಗೆರೆ ಮತ್ತೆ ಎಳೆಯಬೇಕು, ಅಂದರೆ ಅಮ್ಮನಿಗೆ ಈಗಲೇ ಹೇಳಿದರೆ ಒಳ್ಳೆಯದಾ, ಅಥವಾ