ಅಲ್ಲಿ ಸೀಟು ಹೇಗೆ ಸಿಕ್ತು ಅಂತ ಕೇಳುವವರಿಗೆ

ನಾನು ಹಲ್ಲಿನ ಡಾಕ್ಟರ್. ಹುಟ್ಟಿ ಬೆಳೆದದ್ದು, ಈಗ ಕ್ಲಿನಿಕ್ ಇಟ್ಟುಕೊಂಡಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಬಿಡಿಎಸ್ ಓದಿದ್ದು ಮಾತ್ರ ಮುಂಬೈನ ಒಂದು ಸರ್ಕಾರಿ ಕಾಲೇಜಿನಲ್ಲಿ. ಇಷ್ಟು ಹೇಳಿದ ತಕ್ಷಣ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಕರ್ನಾಟಕದವರಾಗಿ ಅಲ್ಲಿ ಸೀಟು ಹೇಗೆ ಸಿಕ್ತು?" ಕೇಳುವವರ ಮನೆಯಲ್ಲಿ ಒಂದು ಪಿಯುಸಿ ಮಗು ಇರುತ್ತದೆ. ಬಾಯಲ್ಲಿ ಹತ್ತಿ ಇಟ್ಟಿದ್ದರೂ ಬಿಡುವುದಿಲ್ಲ, ಕೈಸನ್ನೆಯಲ್ಲಿ ಕೇಳುತ್ತಾರೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನೀಟ್ ಬರೆದೆ. ರ‍್ಯಾಂಕ್ ಬಂತು. ಬೇಕಾದ ಕಾಲೇಜುಗಳ ಪಟ್ಟಿ ಭರ್ತಿ ಮಾಡಿದೆ. ಸೀಟು ಬಂತು. ಅಷ್ಟೇ.

ಇದನ್ನು ಯಾರೂ ನಂಬುವುದಿಲ್ಲ. ಹೋದ ವರ್ಷ ನಾಗರಬಾವಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಅಂಕಲ್, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ದನಿ ತಗ್ಗಿಸಿ ಕೇಳಿದರು: "ನಿಜ ಹೇಳಮ್ಮ, ನಿಮ್ಮಪ್ಪ ಎಷ್ಟು ಕೊಟ್ರು?" ಕೌನ್ಸೆಲಿಂಗ್ ಫೀಸು ಕೊಟ್ಟರು ಅಂದೆ. "ಹಂಗಾದ್ರೆ ಅಲ್ಲಿ ಯಾರೋ ಗೊತ್ತಿರಬೇಕು." ಯಾರೂ ಇರಲಿಲ್ಲ ಅಂದೆ. ಅವರಿಗೆ ಬೇಜಾರಾಯಿತು. ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂದುಕೊಂಡರು ಅಂತ ಕಾಣುತ್ತೆ. ಸ್ವಲ್ಪ ಹೊತ್ತು ಕೋಸಂಬರಿ ತಿಂದು ಮತ್ತೆ ಶುರು ಮಾಡಿದರು. "ಅಲ್ಲಾ, ಬೆಂಗಳೂರಲ್ಲೇ ಇಷ್ಟೊಂದು ಡೆಂಟಲ್ ಕಾಲೇಜ್ ಇವೆ. ಅಲ್ಲೀವರೆಗೂ ಯಾಕೆ ಹೋದೆ? ಎಂಬಿಬಿಎಸ್ ಸಿಗ್ಲಿಲ್ವಾ?"

ಸಿಗಲಿಲ್ಲ ಅಂಕಲ್. ಪಟ್ಟಿಯಲ್ಲಿ ಹಾಕಿರಲಿಲ್ಲ, ಅದಕ್ಕೇ ಸಿಗಲಿಲ್ಲ.

ಅವರಿಗೆ ಎಲೆಯ ಮುಂದೆ ಹೇಳಲಾಗದ್ದನ್ನು ಇಲ್ಲಿ ಸರಿಯಾಗಿ ಹೇಳುತ್ತೇನೆ. ಪ್ರತಿ ರಾಜ್ಯದ ಸರ್ಕಾರಿ ಮೆಡಿಕಲ್, ಡೆಂಟಲ್ ಕಾಲೇಜುಗಳಲ್ಲಿ ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ಹಂಚುವುದು ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ. ಅಲ್ಲಿ ನೀವು ಯಾವ ರಾಜ್ಯದವರು ಅನ್ನೋ ಪ್ರಶ್ನೆಯೇ ಇಲ್ಲ. ಉಳಿದ ಶೇ. 85 ಆಯಾ ರಾಜ್ಯದ್ದು. ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ಮಲ್ಲೇಶ್ವರದ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎರಡು ಕಡೆಯೂ ಹೆಸರು ಹಾಕಬಹುದು, ಒಂದಕ್ಕೆ ಹಾಕಿದರೆ ಇನ್ನೊಂದು ತಪ್ಪುವುದಿಲ್ಲ. ಡೀಮ್ಡ್ ವಿಶ್ವವಿದ್ಯಾಲಯಗಳ, ಅಂದರೆ ತಾವೇ ಪದವಿ ಕೊಡುವ ಸಂಸ್ಥೆಗಳ ಸೀಟೂ ಎಂಸಿಸಿಯಲ್ಲೇ. ಅಲ್ಲೂ ರಾಜ್ಯ ಕೇಳಲ್ಲ, ಆದರೆ ಫೀಸ್ ನೋಡಿ ಕೂತುಕೊಳ್ಳಲು ಕುರ್ಚಿ ಹುಡುಕಬೇಕಾಗುತ್ತದೆ.

"ಹಾಗಾದ್ರೆ ಆ ರಾಜ್ಯದ ಮಕ್ಕಳ ಸೀಟು ಕಿತ್ಕೊಂಡ ಹಾಗಾಯ್ತಲ್ಲ" ಅಂತ ಒಬ್ಬರು ನನ್ನ ಮುಖಕ್ಕೇ ಹೇಳಿದ್ದಾರೆ. ಸ್ವಾಮಿ, ಈ ಕೋಟಾ ನಾನು ಮಾಡಿದ್ದಲ್ಲ. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ. 30 ಅಂದಿತ್ತು, 1986ರಲ್ಲಿ ಅದು ಶೇ. 15ಕ್ಕೆ ಇಳಿಯಿತು. ನಾನು ಹುಟ್ಟೋಕೆ ಮುಂಚಿನ ಮಾತು. ನಮ್ಮ ಕಾಲೇಜುಗಳಿಗೂ ಇದೇ ದಾರಿಯಲ್ಲಿ ಹೊರಗಿನ ಮಕ್ಕಳು ಬರುತ್ತಾರೆ.

ಇನ್ನು ಪಟ್ಟಿ ತುಂಬುವ ವಿಷಯ. ಅಪ್ಪ ಅಮ್ಮಂದಿರು ಎಡವುವುದು ಇಲ್ಲೇ. "ಇದು ಹೇಗಿದ್ರೂ ಸಿಗಲ್ಲ, ಸುಮ್ನೆ ಯಾಕೆ ಮೇಲೆ ಹಾಕೋದು" ಅಂತ ಸಿಗುವಂಥ ಕಾಲೇಜನ್ನು ಮೊದಲು ಬರೆಯುತ್ತಾರೆ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ, ನಿಮ್ಮ ರ‍್ಯಾಂಕಿಗೆ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಸಿಗದ್ದನ್ನು ಮೇಲೆ ಬರೆದರೆ ನಷ್ಟ ಏನೂ ಇಲ್ಲ. ಸಿಗುವುದನ್ನು ಮೊದಲು ಬರೆದರೆ ಅದೇ ಸಿಗುತ್ತದೆ, ಆಮೇಲೆ ಅಳಬಾರದು. ನನ್ನ ಕಾಲದಲ್ಲಿ ಈ ಕೋಟಾಕ್ಕೆ ಎರಡೇ ಸುತ್ತು, ಉಳಿದ ಸೀಟು ರಾಜ್ಯಕ್ಕೆ ವಾಪಸ್ ಹೋಗುತ್ತಿತ್ತು. ಈಗ ಹಾಗೆ ವಾಪಸ್ ಹೋಗಲ್ಲ, ಸುತ್ತುಗಳೂ ಜಾಸ್ತಿ ಆಗಿವೆ. ಮೊದಲ ಸುತ್ತಿನಲ್ಲಿ ಬಂದ ಸೀಟು ಬೇಡ ಅಂದರೆ ತೊಂದರೆ ಇಲ್ಲ. ಎರಡನೇ ಸುತ್ತಿನಲ್ಲಿ ಬಂದದ್ದಕ್ಕೆ ಸೇರದಿದ್ದರೆ ಕಟ್ಟಿದ ಡೆಪಾಸಿಟ್ ಹೋಯಿತು ಅಂತಲೇ ಲೆಕ್ಕ.

ಜಾತಿ ಸರ್ಟಿಫಿಕೇಟ್ ಬಗ್ಗೆ ಒಂದು ಮಾತು, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಕೊನೆ ಗಳಿಗೆಯಲ್ಲಿ ಫೋನ್ ಮಾಡಿ ಅಳುತ್ತಾರೆ. 2021ರಿಂದ ಈ ಶೇ. 15ರ ಒಳಗೆ ಒಬಿಸಿಗೆ, ಅಂದರೆ ಹಿಂದುಳಿದ ವರ್ಗದವರಿಗೆ ಶೇ. 27, ಇಡಬ್ಲ್ಯುಎಸ್‌ಗೆ, ಅಂದರೆ ಬೇರೆ ಮೀಸಲಾತಿ ಇಲ್ಲದ ಬಡವರಿಗೆ ಶೇ. 10 ಇದೆ. ಆದರೆ ಅಲ್ಲಿ ನಮ್ಮ 2ಎ, 3ಎ, 3ಬಿ ಸರ್ಟಿಫಿಕೇಟ್ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಸರ್ಟಿಫಿಕೇಟ್ ಕೇಂದ್ರದ ನಮೂನೆಯಲ್ಲಿ ಇರಬೇಕು. ರಾಜ್ಯದ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರುತ್ತೀರಿ ಅಂತಲ್ಲ. ರಿಸಲ್ಟ್ ಬಂದ ಮೇಲೆ ತಾಲ್ಲೂಕು ಕಚೇರಿಗೆ ಓಡಬೇಡಿ, ಈಗಲೇ ಹೋಗಿ.

ಆಯ್ತಲ್ಲ? ಸೀಟಿನ ಕತೆ ಮುಗಿಯಿತು.

ಈಗ ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. "ಅಲ್ಲಿಯ ರೋಗಿಗಳ ಜೊತೆ ಹೇಗಮ್ಮ ಮಾತಾಡ್ತಿದ್ದೆ?" ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದರೆ ಕೂರಿಸಿ ಕಾಫಿ ಕೊಡುತ್ತಿದ್ದೆ. ಮೊದಲೆರಡು ವರ್ಷ ಪರವಾಗಿಲ್ಲ. ಮೇಣದ ಗಟ್ಟಿಯಲ್ಲಿ ದವಡೆ ಹಲ್ಲು ಕೆತ್ತುವುದು, ಪ್ಲಾಸ್ಟರ್ ಕಲಸುವುದು. ಮೇಣಕ್ಕೆ ಭಾಷೆ ಬೇಡ. ಮೂರನೇ ವರ್ಷ ರೋಗಿಗಳ ಮುಂದೆ ನಿಲ್ಲಿಸುತ್ತಾರೆ. ಕೇಸ್ ಶೀಟಿನ ಮೊದಲ ಸಾಲೇ ರೋಗಿಯ ತೊಂದರೆ, ಅದನ್ನು ಅವರದೇ ಮಾತಿನಲ್ಲಿ ಬರೆಯಬೇಕು ಅನ್ನುವುದು ನಿಯಮ. ಮರಾಠಿ ಬಾರದವಳು ಏನಂತ ಬರೆಯಲಿ? ಹಿಂದಿಯಲ್ಲಿ ಕೇಳುತ್ತಿದ್ದೆ. ರತ್ನಗಿರಿ ಕಡೆಯ ಅಜ್ಜಿಯರು ಅಷ್ಟುದ್ದ ಹೇಳುತ್ತಿದ್ದರು. ನಾನು "ಎರಡು ದಿನದಿಂದ ನೋವು" ಅಂತ ಬರೆಯುತ್ತಿದ್ದೆ. ನನ್ನ ಶೀಟಿನಲ್ಲಿ ಮುಂಬೈನ ಎಲ್ಲರಿಗೂ ಎರಡು ದಿನದಿಂದ ನೋವು.

ಒಂದು ದಿನ ಪಕ್ಕದ ಕುರ್ಚಿಯಲ್ಲಿ ಒಬ್ಬ ಯಜಮಾನರು. ಕಟ್ಟಡ ಕೆಲಸದವರು. ನನ್ನ ಕ್ಲಾಸಿನವನು ಹಿಂದಿಯಲ್ಲಿ ಏನು ಕೇಳಿದರೂ "ಹಾಂ, ಹಾಂ" ಅನ್ನುತ್ತಿದ್ದರು. ಕೆಳ ದವಡೆ ತೋರಿಸಿದ್ದರು, ಅಲ್ಲಿ ಒಂದು ತೂತುಬಿದ್ದ ಹಲ್ಲೂ ಇತ್ತು. ಇವನು ಅದನ್ನೇ ಕೀಳಬೇಕು ಅಂತ ಬರೆಯುತ್ತಿದ್ದ. ಅವರು ನಿಮಿಷಕ್ಕೊಮ್ಮೆ ಬಾಟಲಿಯಿಂದ ನೀರು ಕುಡಿದು ಬಾಯಲ್ಲೇ ಹಿಡಿದುಕೊಂಡು ಕೂರುತ್ತಿದ್ದರು. ಅದು ಯಾಕೆ ಅಂತ ಯಾರೂ ಕೇಳಿರಲಿಲ್ಲ. ಆಮೇಲೆ ಹೆಂಡತಿ ಕಡೆ ತಿರುಗಿ, "ಇವ್ರ ಮುಂದ ಏನ್ ಹೇಳೂದು" ಅಂದರು.

ನಾನು ಎದ್ದು ಹೋದೆ. ಯಾವ ಊರು ಅಂದೆ. ವಿಜಯಪುರದ ಹತ್ತಿರ. ಆಮೇಲೆ ಮಾತು ನಿಲ್ಲಲೇ ಇಲ್ಲ. "ಬಿಸಿ ಚಾ ಕುಡುದ್ರ ಕಿವಿತನಾ ಹೊಡಿತೈತ್ರಿ. ತಣ್ಣೀರು ಬಾಯಾಗ ಹಿಡಕೊಂಡ್ರ ಸುಮ್ನಾಗ್ತೈತಿ." ಇಷ್ಟು ಸಾಕಿತ್ತು. ಬಿಸಿಗೆ ನೋವು ಏರಿ ತಣ್ಣೀರಿಗೆ ಇಳಿದರೆ ಹಲ್ಲಿನ ಒಳಗಿನ ನರ ಉಳಿಯುವ ಹಂತ ದಾಟಿದೆ ಅಂತ. ಅಂಥ ನೋವು ಮೇಲಿನ ಹಲ್ಲಿನದೋ ಕೆಳಗಿನದೋ ಅಂತ ರೋಗಿಗೂ ಗೊತ್ತಾಗುವುದಿಲ್ಲ. ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ಕಡ್ಡಿ ಬಿಸಿ ಮಾಡಿ ಒಂದೊಂದೇ ಹಲ್ಲಿಗೆ ಮುಟ್ಟಿಸಿದೆವು. ತೂತುಬಿದ್ದ ಕೆಳಗಿನ ಹಲ್ಲಿಗೆ ಏನೂ ಆಗಲಿಲ್ಲ. ಮೇಲಿನ ದವಡೆ ಹಲ್ಲಿಗೆ ಮುಟ್ಟಿಸಿದಾಗ ಯಜಮಾನರು ಕುರ್ಚಿಯಿಂದ ಅರ್ಧ ಎದ್ದರು. ಕಡ್ಡಿ ತೆಗೆದ ಮೇಲೂ ನೋವು ನಿಲ್ಲಲಿಲ್ಲ, ಬಾಟಲಿಗೆ ಕೈ ಹಾಕಿದರು.

ಹೋಗುವಾಗ ಹೊಗಳುತ್ತಾರೆ ಅಂತ ಕಾದೆ. "ನಿಮ್ ಕನ್ನಡ ಪಿಚ್ಚರ್‌ನ್ಯಾಗಿನ ಕನ್ನಡ ಇದ್ದಂಗೈತ್ರಿ ಡಾಕ್ಟರ್ ಬಾಯಾರ, ಅರ್ಧ ತಿಳೀಲಿಲ್ಲ" ಅಂದರು.

ಆವತ್ತೇ ಹಾಸ್ಟೆಲಿನ ಮೆಸ್ಸಿನ ಮೌಶಿಯ ಹತ್ತಿರ ಮರಾಠಿ ಕಲಿಯೋಕೆ ಶುರು ಮಾಡಿದೆ. ಪಾಠ ನಡೆಯುತ್ತಿದ್ದದ್ದು ಬಟಾಣಿ ಸುಲಿಯುತ್ತಾ. ನನ್ನ ಮರಾಠಿಯಲ್ಲಿ ಇವತ್ತಿಗೂ ಅಡುಗೆಮನೆಯ ಬೈಗುಳ ಜಾಸ್ತಿ.

ಹಾಗಾಗಿ ಹೊರ ರಾಜ್ಯಕ್ಕೆ ಕಳಿಸುವವರಿಗೆ ನಾನು ಹೇಳುವುದು ಎರಡೇ. ಕಾಲೇಜಿನ ಕಟ್ಟಡ ನೋಡಬೇಡಿ, ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಒಪಿಡಿ ಕ್ಯೂ ನೋಡಿ. ಕ್ಯೂ ಇಲ್ಲದ ಕಡೆ ಮಕ್ಕಳೇ ಆಟೋ ದುಡ್ಡು ಕೊಟ್ಟು ರೋಗಿಗಳನ್ನು ಕರೆತರಬೇಕಾಗುತ್ತದೆ, ಅಂಥವರನ್ನು ಈ ಊರಲ್ಲೇ ಕಂಡಿದ್ದೇನೆ. ಮತ್ತೆ, ಆ ಕ್ಯೂನಲ್ಲಿ ನಿಂತವರು ಯಾವ ಭಾಷೆ ಮಾತಾಡುತ್ತಾರೆ ಅಂತ ಕೇಳಿಸಿಕೊಳ್ಳಿ. ನಿಮ್ಮ ಮಗು ಅದನ್ನು ಕಲಿಯೋಕೆ ತಯಾರಿದ್ದರೆ ಪಟ್ಟಿಯಲ್ಲಿ ಹಾಕಿ.

ಈಗ ನನ್ನ ಕ್ಲಿನಿಕ್ಕಿನಲ್ಲಿ ಕೊಲ್ಲಂ ಕಡೆಯ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದಾಳೆ. ಬಿಡಿಎಸ್ ಓದಿದ್ದು ಇಲ್ಲೇ, ಒಂದು ಖಾಸಗಿ ಕಾಲೇಜಿನಲ್ಲಿ. ಮಾಗಡಿ ರಸ್ತೆಯ ಅಜ್ಜಂದಿರು ಈಗ ನನ್ನನ್ನು ಬಿಟ್ಟು ಅವಳ ಕುರ್ಚಿಗೇ ಹೋಗುತ್ತಾರೆ. "ತಾತ, ರಾತ್ರಿ ಮಲಗಿದ್ರೆ ಜಾಸ್ತಿ ಆಗುತ್ತಾ?" ಅಂತ ಅವಳು ಕೇಳುವ ರೀತಿಗೆ ಅವರು ಮೊಮ್ಮಕ್ಕಳ ಮೇಲಿನ ದೂರೂ ಸೇರಿಸಿ ಹೇಳುತ್ತಾರೆ. ಹೋದ ತಿಂಗಳು ಒಬ್ಬರು ಅವಳಿಗೂ ಅದೇ ಪ್ರಶ್ನೆ ಹಾಕಿದರು, ಕೇರಳದವಳಿಗೆ ಇಲ್ಲಿ ಸೀಟು ಹೇಗಮ್ಮ ಸಿಕ್ತು ಅಂತ.

"ಫೀಸ್ ಕಟ್ಟಿದೆ ಸರ್. ಬಾಯಿ ತೆಗೀರಿ" ಅಂದಳು.