ವಿಜಯಪುರದಿಂದ ನೇತ್ರಾಣಿಗೆ: ಕಡಲೊಳಗಿನ ಎಣಿಕೆಯ ಪ್ರವಾಸ

ವಿಜಯಪುರದ ಪಕ್ಕ ಹಾಯುವ ರಾಷ್ಟ್ರೀಯ ಹೆದ್ದಾರಿ 52 ದಕ್ಷಿಣದಲ್ಲಿ ಕೊನೆಗೊಳ್ಳುವುದು ಅಂಕೋಲಾದಲ್ಲಿ. ಬರಗಾಲದ ಜಿಲ್ಲೆ ಅನಿಸಿಕೊಂಡ ಊರಿಗೆ ಕಡಲಿನ ದಾರಿ ಇಷ್ಟು ನೇರವಾಗಿದೆ. ಕಡಲ ತಳದ ಮೀನು, ಹವಳಗಳನ್ನು ಎಣಿಸಲು ಡಿಸೆಂಬರಿನ ಒಂದು ಶುಕ್ರವಾರ ನಸುಕಿನಲ್ಲಿ ಹೊರಟ ಸ್ವಯಂಸೇವಕ ಡೈವರ್‌ಗಳ ತಂಡ ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿತು. ಬೀಳಗಿ, ಗದ್ದನಕೇರಿ ಕ್ರಾಸ್, ನರಗುಂದ, ನವಲಗುಂದ ಹಾದು ಹುಬ್ಬಳ್ಳಿ. ಮುಂದೆ ಯಲ್ಲಾಪುರ, ಅರಬೈಲ್ ಘಟ್ಟ. ಅಂಕೋಲಾದಿಂದ ಹೆದ್ದಾರಿ 66 ಹಿಡಿದು ಕುಮಟಾ, ಹೊನ್ನಾವರ ದಾಟಿದರೆ ಮುರುಡೇಶ್ವರ. ಅಲ್ಲಿಂದ ಸುಮಾರು 19 ಕಿ.ಮೀ. ದೂರ, ಕಡಲಿನಲ್ಲಿ ನೇತ್ರಾಣಿ ದ್ವೀಪ.

ತಿಂಗಳಿನ ಆಯ್ಕೆ ಸುಮ್ಮನೆ ಆದದ್ದಲ್ಲ. ಮಳೆಗಾಲದಲ್ಲಿ ಕಡಲು ಒರಟು, ಡೈವಿಂಗ್ ಬಂದ್. ಮಳೆ ನಿಂತ ಮೇಲೂ ನದಿಗಳು ತಂದ ಕೆಸರು ಕೂರಲು ಸಮಯ ಬೇಕು. ಡಿಸೆಂಬರ್, ಜನವರಿಯಲ್ಲಿ ನೀರು ಹೆಚ್ಚು ತಿಳಿಯಾಗಿರುತ್ತದೆ. ಐದು ಮೀಟರ್ ಆಚೆ ಕಾಣದ ನೀರಿನಲ್ಲಿ ಮೀನೆಣಿಸಲು ಇಳಿಯುವುದು ಗಾಳಿ ದಂಡ. ಎಣಿಸಿದ್ದು ಕಂಡಷ್ಟು ಮಾತ್ರ, ಇದ್ದಷ್ಟು ಅಲ್ಲ.

ಈ ಕೆಲಸಕ್ಕೆ ಸಮುದ್ರ ಜೀವಶಾಸ್ತ್ರದ ಪದವಿ ಬೇಕಿಲ್ಲ. 1997ರಲ್ಲಿ ಹವಳದ ದಿಬ್ಬಗಳ ಮೊದಲ ಜಾಗತಿಕ ಸಮೀಕ್ಷೆ ನಡೆಸಿದ ರೀಫ್ ಚೆಕ್ ಸಂಸ್ಥೆಯ ವಿಧಾನ ರೂಪುಗೊಂಡದ್ದೇ ಸಾಮಾನ್ಯ ಡೈವರ್‌ಗಳಿಗಾಗಿ. ಬೇಕಾದದ್ದು 18 ಮೀಟರ್ ಆಳದವರೆಗಿನ ಓಪನ್ ವಾಟರ್ ಪ್ರಮಾಣಪತ್ರ ಮತ್ತು ನೀರಿನ ನಡುವೆ ಅಲುಗದೆ ನಿಲ್ಲುವ ಹಿಡಿತ. ಎರಡನೆಯದು ಇಲ್ಲದವರನ್ನು ದೋಣಿಯಲ್ಲೇ ಕೂರಿಸುವುದು ಮೇಲು. ವರ್ಷಕ್ಕೆ ಒಂದೆರಡು ಸೆಂ.ಮೀ.ಯಷ್ಟೇ ಬೆಳೆಯುವ ಹವಳಗಳಿವೆ. ಕಾಲಿಗೆ ತೊಡುವ ಈಜುರೆಕ್ಕೆಯ (ಫಿನ್) ಒಂದು ಒದೆತಕ್ಕೆ ಹಲವು ವರ್ಷಗಳ ಬೆಳವಣಿಗೆ ಮುರಿದು ಬೀಳುತ್ತದೆ. ಸಂರಕ್ಷಣೆಯ ಹೆಸರಿನಲ್ಲಿ ಅಂಥದ್ದು ನಡೆಯಬಾರದು.

ತಾಲೀಮು ಊರಿನಲ್ಲೇ ಮುಗಿಯುತ್ತದೆ. ಎಣಿಕೆ ನಡೆಯುವುದು ಕಡಲ ತಳದಲ್ಲಿ ಹಾಸಿದ ಅಳತೆ ಟೇಪಿನ ಗುಂಟ; ಅದನ್ನು ಮೈದಾನದಲ್ಲಿ 100 ಮೀಟರ್ ಟೇಪ್ ಹಾಸಿ ನಡೆದು ಕಲಿಯಬಹುದು. ಆದರೆ ಅಳತೆಯ ಅಂದಾಜಿಗೆ ಈಜುಕೊಳವೇ ಆಗಬೇಕು. ಮುಖವಾಡದೊಳಗಿನಿಂದ ನೋಡಿದಾಗ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಗ್ರೂಪರ್ ಮೀನು 30 ಸೆಂ.ಮೀ. ಮೀರಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೊಸಬರ ಕಣ್ಣಿಗೆ 23 ಸೆಂ.ಮೀ.ಯದ್ದೂ 30ರಂತೆ ಕಂಡು ಪಟ್ಟಿ ಉಬ್ಬುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ 20, 30 ಸೆಂ.ಮೀ. ಮೀನಿನಾಕಾರ ಕತ್ತರಿಸಿ ನೀರೊಳಗೆ ಹಿಡಿದು ತೋರಿಸಿದರೆ ಕಣ್ಣು ಪಳಗುತ್ತದೆ.

ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಸಿಹಿನೀರಿನ ಕೊಳದಲ್ಲಿ ಸರಿಹೋದರೂ ಕಡಲಿನಲ್ಲಿ ಸಾಲದು. ಉಪ್ಪುನೀರು ಸುಮಾರು ಶೇ 2.5ರಷ್ಟು ಭಾರ. ಸಲಕರಣೆ ಸಮೇತ 100 ಕೆ.ಜಿ. ಇರುವವರಿಗೆ ಅಂದಾಜು ಎರಡೂವರೆ ಕೆ.ಜಿ. ಹೆಚ್ಚು ಬೇಕು. ಇದರ ಜೊತೆಗೆ, 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಎರಡು ಕೆ.ಜಿ.ಗೂ ಮಿಕ್ಕಿ ಗಾಳಿಯಿರುತ್ತದೆ. ಅದು ಖಾಲಿಯಾದಂತೆ ಡೈವರ್ ಮೇಲೇಳತೊಡಗುತ್ತಾನೆ. ಹಾಗಾಗಿ 50 ಬಾರ್ ಉಳಿದಾಗಲೂ ಐದು ಮೀಟರ್ ಆಳದಲ್ಲಿ ನಿಲ್ಲುವಂತಿರಬೇಕು ತೂಕ.

ಶನಿವಾರ ಬೆಳಿಗ್ಗೆ ದೋಣಿ. ಗಂಟೆಗೂ ಹೆಚ್ಚು ಅಲೆಗಳ ಮೇಲಿನ ಪಯಣ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯದ್ದೂ ಬೇಡ; ಗಂಟಿನಲ್ಲಿ ತಂದ ಖಡಕ್ ರೊಟ್ಟಿ ಇಲ್ಲಿ ಚಲೋ ಕೆಲಸ ಮಾಡುತ್ತದೆ. ಹಿಂದಿನ ರಾತ್ರಿ ಮಿರ್ಚಿ ಭಜಿಗೆ ಮನಸೋತವರ ಪಾಡು ಹೇಳುವಂತಿಲ್ಲ. ನೆಗಡಿಯಿದ್ದವರು ಇಳಿಯಲೇಬಾರದು, ಕಿವಿಯ ಒತ್ತಡ ಸರಿದೂಗುವುದಿಲ್ಲ.

ನೇತ್ರಾಣಿಯ ಬುಡವೆಲ್ಲ ಬಂಡೆ. ಟೇಪನ್ನು ಸರಳರೇಖೆಯಲ್ಲಿ ಎಳೆಯಲು ಹೋದರೆ ಒಂದು ತುದಿ ಆರು ಮೀಟರಿನಲ್ಲಿ, ಇನ್ನೊಂದು ಹದಿನೈದರಲ್ಲಿ. ಸರಿಯಾದ ಕ್ರಮವೆಂದರೆ ಒಂದೇ ಆಳ ಕಾಯ್ದುಕೊಂಡು ಬಂಡೆಗಳ ಸುತ್ತ ಬಳಸುವುದು. ತುದಿಯನ್ನು ಬರಿ ಬಂಡೆಗೆ ಕಟ್ಟಬೇಕು, ಜೀವಂತ ಹವಳಕ್ಕೆ ಎಂದೂ ಅಲ್ಲ. ಟೇಪ್ ಸಡಿಲವಿದ್ದರೆ ಸೆಳೆತಕ್ಕೆ ಸಿಕ್ಕು ಬಿಲ್ಲಿನಂತೆ ಬಾಗಿ ಎಲ್ಲ ಅಳತೆ ತಪ್ಪುತ್ತದೆ. 20 ಮೀಟರಿನ ನಾಲ್ಕು ತುಂಡು, ನಡುವೆ ಐದೈದು ಮೀಟರ್ ಖಾಲಿ. ಆ ಖಾಲಿ ಜಾಗ ಬಿಡುವುದು ನಾಲ್ಕು ತುಂಡುಗಳನ್ನು ನಾಲ್ಕು ಬೇರೆ ಮಾದರಿಗಳಾಗಿ ಲೆಕ್ಕ ಹಾಕಲು.

ಟೇಪ್ ಹಾಸಿದ ಮೇಲೆ 15 ನಿಮಿಷ ಸರಿದು ನಿಲ್ಲಬೇಕು. ಗುಳ್ಳೆಗೆ ಬೆದರಿದ ಮೀನು ಮರಳಿ ಬರಲಿ. ಮೊದಲು ಹೋಗುವುದು ಮೀನೆಣಿಸುವ ಜೋಡಿ: ಟೇಪಿನ ಆಚೀಚೆ ಎರಡೂವರೆ ಮೀಟರ್, ಮೇಲೆ ಐದು ಮೀಟರ್, ಅಷ್ಟರೊಳಗಿನದು ಮಾತ್ರ. ಚಿಟ್ಟೆಮೀನು, 20 ಸೆಂ.ಮೀ. ಮೀರಿದ ಗಿಳಿಮೀನು, ಗ್ರೂಪರ್, ಹಾವಿನಂತಿರುವ ಮೊರೆ ಈಲ್ ಮೀನು. ಹಿಂದಿನಿಂದ ಬಂದು ಮುಂದೆ ದಾಟುವ ಮೀನನ್ನು ಎಣಿಸುವಂತಿಲ್ಲ, ಒಂದೇ ಮೀನು ಎರಡು ಸಲ ಬೀಳುತ್ತದೆ. ಅದರ ಹಿಂದೆ ಎರಡನೇ ಜೋಡಿ ಬಂಡೆಯ ಬಿರುಕುಗಳಲ್ಲಿ ಕಡಲಸೌತೆ, ಮುಳ್ಳುಚೆಂಡಿನಂಥ ಸೀ ಅರ್ಚಿನ್, ಲಾಬ್‌ಸ್ಟರ್ ಹುಡುಕುತ್ತದೆ.

ಕೊನೆಯದು ತಳದ ಲೆಕ್ಕ, ಬೇಸರದ್ದು, ಆದರೆ ನಮ್ಮ ಪ್ರಕಾರ ಅತಿ ಬೆಲೆಯುಳ್ಳದ್ದು. ದಾರಕ್ಕೆ ಸಣ್ಣ ನಟ್ ಕಟ್ಟಿ, ಪ್ರತಿ ಅರ್ಧ ಮೀಟರಿಗೆ ಟೇಪಿನಿಂದ ಇಳಿಬಿಟ್ಟು, ಅದು ತಾಗಿದ್ದೇನು ಎಂದು ಬರೆಯುವುದು. ಒಂದು ತುಂಡಿಗೆ 40, ಒಟ್ಟು 160 ಬಿಂದು. ನಟ್ ಇಲ್ಲದಿದ್ದರೆ ಕಣ್ಣು ತಾನಾಗಿ ಚೆಂದದ ಹವಳದ ಕಡೆ ಹೊರಳುತ್ತದೆ. ತಕರಾರು ಹುಟ್ಟುವುದು ಕಲ್ಲು ಮತ್ತು ಈಚೆಗೆ ಸತ್ತ ಹವಳದ ನಡುವೆ. ಬೆಳ್ಳಗಿದ್ದು ಹವಳದ ಕುಳಿಗಳ ವಿನ್ಯಾಸ ಇನ್ನೂ ಸ್ಪಷ್ಟವಿದ್ದರೆ ಈಚೆಗೆ ಸತ್ತದ್ದು. ಪಾಚಿ ಹಿಡಿದು ಸವೆದಿದ್ದರೆ ಕಲ್ಲು. ಅರ್ಧದಿಂದ 15 ಸೆಂ.ಮೀ. ವರೆಗಿನ ಚೂರು ಗರಸು, ಅದಕ್ಕಿಂತ ಸಣ್ಣದು ಮರಳು. ಕದಡಿದರೆ ನೀರಲ್ಲೇ ತೇಲಿ ನಿಲ್ಲುವುದು ಕೆಸರು.

ನೀರು ಬಿಸಿಯಾದಾಗ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುವ ಹವಳಕ್ಕೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಬಣ್ಣದ ಪಟ್ಟಿಯಿದೆ. ಒಂದು ಹವಳದ ಅತಿ ತಿಳಿ ಮತ್ತು ಅತಿ ಗಾಢ ಭಾಗಕ್ಕೆ 1ರಿಂದ 6ರವರೆಗೆ ಅಂಕ. ಫೋಟೋ ನೋಡಿ ಆಮೇಲೆ ಅಂಕ ಕೊಡುವುದು ತಪ್ಪು: ಆಳದಲ್ಲಿ ಕೆಂಪು ಮೊದಲು ಮಾಯವಾಗುತ್ತದೆ. ಪಟ್ಟಿ, ಹವಳ ಎರಡೂ ಒಂದೇ ನೀರಿನ ಬೆಳಕಿನಲ್ಲಿ ಅಕ್ಕಪಕ್ಕ ಇರಬೇಕು. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಜಾಗತಿಕ ಬಿಳಿಚುವಿಕೆ ಘೋಷಣೆಯಾದ ಮೇಲೆ ಇಂಥ ಅಂಕಗಳ ತೂಕ ಹೆಚ್ಚಿದೆ.

ದಡಕ್ಕೆ ಬಂದವರು ನೀರೊಳಗೆ ಬರೆದ ಸ್ಲೇಟನ್ನು ಅಂದೇ ಸಂಜೆ ಕಾಗದಕ್ಕಿಳಿಸಬೇಕು. ಅರ್ಧ ಅಳಿಸಿದ 1 ಮತ್ತು 7 ಮರುದಿನ ಯಾರಿಗೂ ಬಿಡಿಸಲಾಗದು. ಕಾಣದ ಜೀವಿಯ ಮುಂದೆ ಖಾಲಿ ಬಿಡದೆ ಸೊನ್ನೆ ಬರೆಯಬೇಕು. ಖಾಲಿ ಅಂದರೆ ನೋಡಿಲ್ಲ, ಸೊನ್ನೆ ಅಂದರೆ ನೋಡಿಯೂ ಇರಲಿಲ್ಲ. ಸತ್ತ ಹವಳದ ಚೂರನ್ನೂ ನೆನಪಿಗೆಂದು ತರುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ಬಯಲುಸೀಮೆಯ ಡೈವರ್‌ಗಳು ಮರೆಯುವುದು ವಾಪಸಿನ ಘಟ್ಟವನ್ನು. ಎತ್ತರದಲ್ಲಿ ಒತ್ತಡ ಇಳಿದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ, ಹಾಗಾಗಿ ಮುಳುಗಿದ ಮೇಲೆ ಕೆಲ ಗಂಟೆ ವಿಮಾನ ಹತ್ತಬಾರದೆಂಬ ನಿಯಮ ಡೈವರ್‌ಗಳಿಗೆಲ್ಲ ಗೊತ್ತು, ಆದರೆ ಅದು 600 ಮೀಟರ್ ಮೀರಿದ ಎತ್ತರಕ್ಕೂ ಸಲ್ಲುತ್ತದೆ, ಮತ್ತು ಹುಬ್ಬಳ್ಳಿ ಅದಕ್ಕಿಂತ ಮೇಲಿದೆ. ಒಂದೇ ಮುಳುಗಿಗೆ 12 ಗಂಟೆ, ಹಲವು ಮುಳುಗಿಗೆ 18 ಗಂಟೆ ಕಾಯಬೇಕು. ಶನಿವಾರ ಮಧ್ಯಾಹ್ನ 12ಕ್ಕೆ ಎರಡನೇ ಮುಳುಗು ಮುಗಿಸಿದ ತಂಡ ಮುರುಡೇಶ್ವರದಲ್ಲೇ ರಾತ್ರಿ ಕಳೆದು ಭಾನುವಾರ ಬೆಳಗಿನ ಆರರ ಮೇಲೆ ಗಾಡಿ ಬಿಟ್ಟಿತು. ಇಷ್ಟಾಗಿಯೂ ದಾರಿಯಲ್ಲಿ ಕೀಲುನೋವು, ಜುಮು ಹಿಡಿಯುವುದು, ತಲೆಸುತ್ತು ಕಂಡರೆ ಘಟ್ಟ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ, ಗಾಡಿಯಲ್ಲಿಟ್ಟ ಆಮ್ಲಜನಕದ ಸಿಲಿಂಡರ್ ತೆರೆದು, ಕರಾವಳಿಯ ಆಸ್ಪತ್ರೆಗೇ ತಿರುಗಬೇಕು.